ಹತಾರ ಕೇಳಿದವಳು

ಹತ್ತನೆಯ ತರಗತಿಗೆ 'ಹಲಗಲಿ ಬೇಡರು' ಲಾವಣಿಯನ್ನು ಪಾಠ ಮಾಡುವುದೆಂದರೆ ನನಗೆ ಹಬ್ಬ. ಲಕ್ಷ್ಮೇಶ್ವರದ ನಮ್ಮ ಹೈಸ್ಕೂಲಿನ ಹುಡುಗರಿಗೆ ಹಳಗನ್ನಡದ ಪದ್ಯ ಓದಿಸಬೇಕಾದರೆ ಬೆವರಿಳಿಯುತ್ತದೆ. ಲಾವಣಿಗೆ ಮಾತ್ರ ಅರ್ಥ ಹೇಳುವ ಪ್ರಸಂಗವೇ ಕಡಿಮೆ. ಅದು ಅವರ ಮನೆಯ ಮಾತು. ಕೊನೆಗೆ ಕುರ್ತಕೋಟಿ ಕಲ್ಮೇಶನ ಹೆಸರು ಬಂದಾಗ "ನಮ್ಮ ಗದಗ ಕಡೀ ಕುರ್ತಕೋಟೀನ ಏನ್ರಿ ಅಕ್ಕೋರ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದೆಂದರೆ ಇಡೀ ವರ್ಗದ ಬೆನ್ನು ನೆಟ್ಟಗಾಗುತ್ತದೆ.

2024ರ ಮಳೆಗಾಲದಲ್ಲಿ ಈ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಅಕ್ಕೋರ, ನೀವು ಬಂದೂಕ ಹಾರಿಸೀರೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. "ಹಾರಿಸೀನಿ" ಎಂದೆ. ನಗು ನಿಂತಿತು. ಆ ದಿನ ಅವರಿಗೆ ಅರ್ಧ ಕಥೆ ಹೇಳಿದೆ. ಉಳಿದರ್ಧ ವರ್ಗದಲ್ಲಿ ಹೇಳುವಂಥದ್ದಾಗಿರಲಿಲ್ಲ.

ಹೇಳಿದ ಅರ್ಧ ಇದು. 1989ರಲ್ಲಿ ನಾನು ಗದಗಿನಲ್ಲಿ ಬಿ.ಎ. ಓದುತ್ತಿದ್ದೆ. ಎನ್.ಸಿ.ಸಿ. ಸೇರಿದ್ದು ದೇಶಭಕ್ತಿ ಉಕ್ಕಿ ಅಲ್ಲ. ಶಿಬಿರಕ್ಕೆ ಹೋದರೆ ಹತ್ತು ದಿನ ರೊಟ್ಟಿ ಬಡಿಯುವುದು ತಪ್ಪುತ್ತದೆಂದು. ಶಿಬಿರದಲ್ಲಿ ಒಂದು ಬೆಳಿಗ್ಗೆ ನಮ್ಮನ್ನು ಸಾಲಾಗಿ ನೆಲದ ಮೇಲೆ ಬೋರಲು ಮಲಗಿಸಿ, ಕೈಗೆ .22 ರೈಫಲ್ ಕೊಟ್ಟು, ತಲೆಗೆ ಐದೈದು ಗುಂಡು ಎಣಿಸಿಕೊಟ್ಟರು. ಉಸಿರನ್ನು ಅರ್ಧ ಬಿಟ್ಟು ತಡೆಹಿಡಿಯಬೇಕು, ಕುದುರೆಯನ್ನು ಎಳೆಯಬಾರದು, ಮೆಲ್ಲಗೆ ಒತ್ತಬೇಕು ಎಂದು ಹವಾಲ್ದಾರರು ಹಿಂದಿಯಲ್ಲಿ ಹೇಳಿದ್ದನ್ನು ಗೆಳತಿಯೊಬ್ಬಳು ಕನ್ನಡಕ್ಕೆ ತಿರುಗಿಸಿದಳು. ನನ್ನ ಐದರಲ್ಲಿ ಮೂರು ಗುಂಡು ಒಂದು ವೀಳ್ಯದೆಲೆಯಷ್ಟು ಜಾಗದಲ್ಲಿ ಬಿದ್ದವು. ಉಳಿದೆರಡು ಪಕ್ಕದವಳ ಗುರಿಕಾಗದಕ್ಕೆ ಹೋಗಿ ಅವಳಿಗೆ ಬಹುಮಾನ ತಂದುಕೊಟ್ಟವು.

ಆಮೇಲೆ ಹವಾಲ್ದಾರರು ಕಂಬಳಿಯ ಮೇಲೆ ಎರಡು ದೊಡ್ಡ ರೈಫಲ್ಲುಗಳನ್ನಿಟ್ಟು ತೋರಿಸಿದರು. ಒಂದು .303. ಎರಡು ಮಹಾಯುದ್ಧಗಳನ್ನು ಕಂಡ ಬಗೆಯದು. 1962ರಲ್ಲಿ ಚೀನಾದ ಎದುರು ನಮ್ಮ ಜವಾನರ ಕೈಯಲ್ಲಿದ್ದದ್ದೂ ಅದೇ. ಒಂದು ಗುಂಡು ಹಾರಿದ ಮೇಲೆ ಚಿಲಕದಂಥ ಬೋಲ್ಟನ್ನು ಕೈಯಿಂದ ಹಿಂದೆ ಎಳೆದು ಮುಂದೆ ನೂಕಿದರೇ ಇನ್ನೊಂದು. ಎರಡನೆಯದು ಆ ಯುದ್ಧದ ನಂತರ ನಮ್ಮ ಸೈನ್ಯಕ್ಕೆ ಬಂದ 7.62ರ ಎಸ್.ಎಲ್.ಆರ್., ಅಂದರೆ ಸೆಲ್ಫ್ ಲೋಡಿಂಗ್ ರೈಫಲ್. ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಹಾರಿದ ಗುಂಡಿನ ಹೊಗೆಯ ಒತ್ತಡವೇ ಒಳಗಿನ ಸರಳನ್ನು ಹಿಂದೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ಏರಿಸಿಡುತ್ತದೆ. ಆದರೆ ಪ್ರತಿ ಗುಂಡಿಗೂ ಬೆರಳು ಮತ್ತೆ ಒತ್ತಲೇಬೇಕು. ಅದಕ್ಕೇ ಅದು ಅರೆ ಸ್ವಯಂಚಾಲಿತ. ನಮಗೆ ಎತ್ತಿ ನೋಡಲು ಕೊಟ್ಟರು, ಹಾರಿಸಲು ಕೊಡಲಿಲ್ಲ. ನಾಲ್ಕು ಕಿಲೋ ದಾಟಿದ ಭಾರ. ಎತ್ತಿದಾಗ ನನಗೆ ನೆನಪಾದವನು ಅಣ್ಣ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. 1979ರಲ್ಲಿ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫಂಟ್ರಿಗೆ ಸೇರಿದ. 20 ವರ್ಷ ಅವನ ಹೆಗಲ ಮೇಲಿದ್ದದ್ದು ಇದೇ ಎಸ್.ಎಲ್.ಆರ್. ಅದರ ನಂಬರನ್ನು ಈಗಲೂ ಅವನು ತನ್ನ ಮಕ್ಕಳ ಹುಟ್ಟಿದ ತಾರೀಖಿಗಿಂತ ಬೇಗ ಹೇಳುತ್ತಾನೆ.

1999ರಲ್ಲಿ ಪೆನ್ಷನ್ ಪಡೆದು ಮುಂಡರಗಿ ಕಡೆಯ ನಮ್ಮ ಹಳ್ಳಿಗೆ ಬಂದ. ಆ ಹೊತ್ತಿಗೆ ಸೈನ್ಯಕ್ಕೆ ಇನ್ಸಾಸ್ ಎಂಬ ಹೊಸ ರೈಫಲ್ ಬರತೊಡಗಿತ್ತು. ಅಣ್ಣನ ಲೆಕ್ಕ ಸರಳವಾಗಿತ್ತು. ಸೈನ್ಯದ ಹಳೆಯ ಜೀಪುಗಳನ್ನು ಲಿಲಾವು ಮಾಡುತ್ತಾರೆ. ನಮ್ಮ ಕಡೆಯ ಎಷ್ಟೋ ಗೌಡರು ಡಿಸ್ಪೋಜಲ್ ಜೀಪಿನಲ್ಲಿ ಓಡಾಡಿದವರೇ. ಹಾಗೆಯೇ ಹಳೆಯ ರೈಫಲ್ಲುಗಳನ್ನೂ ಮಾಜಿ ಸೈನಿಕರಿಗೆ ಮಾರಿಯಾರು, ತಾನೂ ಒಂದು ಕೊಂಡೇನು. ಕಚೇರಿಗೆ ಹೋಗಿ ವಿಚಾರಿಸಿದರೆ ಅಲ್ಲಿದ್ದವರು ನಕ್ಕು ಕಳಿಸಿದರಂತೆ. ನಮ್ಮ ದೇಶದಲ್ಲಿ ಸೈನ್ಯದ ಗುಂಡು ಹಿಡಿಸುವ .303 ಮತ್ತು 7.62 ರೈಫಲ್ಲುಗಳು ನಿಷೇಧಿತ ಬೋರಿನವು. ಸಾಮಾನ್ಯ ಲೈಸೆನ್ಸಿನ ಮೇಲೆ ಅವು ಯಾರಿಗೂ ಸಿಗವು. ಸಾರ್ವಜನಿಕರಿಗೆಂದೇ ಇಚ್ಛಾಪುರದಲ್ಲಿ .315ರ ಬೇರೊಂದು ರೈಫಲ್ ಮಾಡುತ್ತಾರೆ. ಸೈನ್ಯದ ಗುಂಡು ಅದರಲ್ಲಿ ಕೂಡದಿರಲಿ ಎಂಬುದೇ ಆ ಬೇರೆ ಅಳತೆಯ ಹಿಂದಿನ ಯೋಚನೆ. "ಇಪ್ಪತ್ತು ವರ್ಷ ಸರಕಾರನ ಕೈಯಾಗ ಕೊಟ್ಟಿತ್ತು. ಈಗ ನಾ ಅದಕ್ಕ ಪರಕೀಯ ಆದೆ ಏನ?" ಎಂದು ಅವನು ಅಂದದ್ದು ನನಗೆ ನೆನಪಿದೆ.

ಅಣ್ಣನ ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಹಳೆಯ ಬೇರುಗಳಿವೆ. 1857ರಲ್ಲಿ ಉತ್ತರ ಹಿಂದುಸ್ತಾನದ ದಂಗೆಯಿಂದ ಬೆದರಿದ ಕಂಪನಿ ಸರಕಾರ ಆಯುಧ ಇಟ್ಟುಕೊಳ್ಳಲು ಅಪ್ಪಣೆ ಬೇಕೆಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಹತಾರವೆಂದರೆ ಹೊಟ್ಟೆಯ ಪಾಡು, ಮೇಲಾಗಿ ಮಾನ. ಅವರು ಕೊಡಲಿಲ್ಲ. ಆ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಮರುವರ್ಷ ಬೆಂಕಿ ನಮ್ಮ ಅಂಗಳಕ್ಕೇ ಬಂತು. ಮುಂಡರಗಿಯ ಭೀಮರಾಯ, ಹಮ್ಮಿಗಿಯ ಕೆಂಚನಗೌಡ ಇಬ್ಬರೂ ಸೇರಿ ಗುಟ್ಟಾಗಿ ಆಯುಧ ಕೂಡಿಹಾಕುತ್ತಿದ್ದದ್ದು ಅಧಿಕಾರಿಗಳಿಗೆ ಗೊತ್ತಾಯಿತು. ಇನ್ನು ಕಾಯುವಂತಿರಲಿಲ್ಲ. ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆ ಹಿಡಿದು, ಅಲ್ಲಿಯೇ ಇಬ್ಬರೂ ಮಡಿದರು. ನರಗುಂದದ ಬಾಬಾಸಾಹೇಬನಿಗೂ ದೊಡ್ಡ ತೋಪುಗಳನ್ನು ಒಪ್ಪಿಸಲು ಹೇಳಿದ್ದರು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಕೊಡಗಿನಲ್ಲಿ ಮಾತ್ರ ಬ್ರಿಟಿಷರು ಕೊಡವರಿಗೆ ವಿನಾಯಿತಿ ಕೊಟ್ಟರು. ಅದು ಸ್ವಾತಂತ್ರ್ಯದ ನಂತರವೂ ಮುಂದುವರಿದು ಬಂದಿದೆ. ನಮ್ಮ ಸೀಮೆಗೆ ಅಂಥ ನಂಬಿಕೆ ಸಿಗಲಿಲ್ಲ. 1878ರಲ್ಲಿ ಕಾಯ್ದೆ ಇನ್ನೂ ಬಿಗಿಯಾಯಿತು. ಈಗಿನದು 1959ರದ್ದು, ನಮ್ಮದೇ ಸಂಸತ್ತು ಮಾಡಿದ್ದು.

ಈ ಕಾಯ್ದೆಯ ಲೈಸೆನ್ಸಿನ ಮೇಲೆ ಅಪ್ಪನ ಹತ್ತಿರ 12 ಬೋರಿನ ಒಂಟಿ ನಳಿಗೆಯ ಬಂದೂಕಿತ್ತು. ಬೆಳೆ ಕಾಯಲೆಂದು ಪಡೆದದ್ದು. ಕಪ್ಪತಗುಡ್ಡದ ಕಡೆಯಿಂದ ಹಂದಿ, ಬಯಲಿನಿಂದ ಚಿಗರಿ ಹೊಲಕ್ಕೆ ನುಗ್ಗಿದಾಗ ಅಪ್ಪ ಆಕಾಶಕ್ಕೆ ಒಂದು ಗುಂಡು ಹಾರಿಸಿ ಬರುತ್ತಿದ್ದ. ಪ್ರಾಣಿಯ ಮೇಲೆ ಹಾರಿಸಿದ್ದನ್ನು ನಾನು ಕಂಡಿಲ್ಲ. ಖಂಡೇನವಮಿಯ ದಿನ ಕುಡಗೋಲು, ಕೊಡಲಿ, ಕುಂಟಿಗಳ ಸಾಲಿನಲ್ಲಿ ಅದಕ್ಕೂ ವಿಭೂತಿ, ಬನ್ನಿ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಒಪ್ಪಿಸಿ ರಸೀದಿ ತರಬೇಕಾಗುತ್ತಿತ್ತು. "ಮದುವ್ಯಾದ ಮಗಳ ಹಂಗ, ಹೋಗಿ ಬಂದು ಮಾಡತೈತಿ" ಎಂದು ಅಪ್ಪ ನಗುತ್ತಿದ್ದ.

ಅಣ್ಣನ ಹಳೆಯ ಆಸೆ 2023ರಲ್ಲಿ ಅನಿರೀಕ್ಷಿತವಾಗಿ ಮತ್ತೆ ತಲೆಯೆತ್ತಿತು. ಅವನ ಮಗ ಅಮೆರಿಕದ ಒಹಾಯೋದಲ್ಲಿದ್ದಾನೆ. ಸೊಸೆ ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಆಕೆ ಗುರಿ ಹೊಡೆಯುವ ಹವ್ಯಾಸದವಳು. ಅಮೆರಿಕದ ಸೈನ್ಯ ಬಿಟ್ಟುಕೊಟ್ಟ ಎಂ-1 ಗ್ಯಾರಂಡ್ ಎಂಬ ರೈಫಲನ್ನು ಆಕೆ ಕೊಂಡಿದ್ದಳು. ಅದು 1936ರಲ್ಲಿ ಆ ಸೈನ್ಯ ಒಪ್ಪಿಕೊಂಡ ಅರೆ ಸ್ವಯಂಚಾಲಿತ ರೈಫಲ್. ಎರಡನೆಯ ಮಹಾಯುದ್ಧದಲ್ಲಿ ಅವರ ಕಾಲಾಳುಗಳ ಕೈಯಲ್ಲಿದ್ದದ್ದು. ಅಲ್ಲಿ ಇಂಥ ಹಳೆಯ ರೈಫಲ್ಲುಗಳನ್ನು ಪ್ರಜೆಗಳಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆಯಿದೆ. ಆ ದೇಶದ ಪೌರರೆಂಬ ದಾಖಲೆ, ಗುರಿ ಹೊಡೆಯುವವರ ಸಂಘದ ಸದಸ್ಯತ್ವ, ಹಿನ್ನೆಲೆಯ ತಪಾಸಣೆ ಇಷ್ಟಾದರೆ ಕೊಳ್ಳಬಹುದು. ಮಗನ ಮನೆಗೆ ಹೋದ ಅಣ್ಣ ಅದನ್ನು ಕಂಡು ಊಟ ಬಿಟ್ಟು ಕೂತನಂತೆ.

ಮರುದಿನ ಊರಾಚೆಯ ಮೈದಾನಕ್ಕೆ ಹೋದರು. ಅಲ್ಲಿ ಸೊಸೆ ಸಂಕೋಚದಿಂದ ಹೇಳಿದಳು: ಪ್ರವಾಸಿ ವೀಸಾದ ಮೇಲೆ ಬಂದವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಇಲ್ಲಿ ಬಂದೂಕು ಹಿಡಿಯುವಂತಿಲ್ಲ. ಮಾವ ನೋಡಬಹುದು, ಮುಟ್ಟುವಂತಿಲ್ಲ. 20 ವರ್ಷ ರೈಫಲ್ ಹೊತ್ತ ಅಣ್ಣ ಕಿವಿಗೆ ಮುಚ್ಚಳ ಹಾಕಿಕೊಂಡು ಗೆರೆಯ ಹಿಂದೆ ನಿಂತ. ಸೊಸೆ ಎಂಟು ಗುಂಡಿನ ಹಿಡಿಕೆಯನ್ನು ಮೇಲಿನಿಂದ ಹೆಬ್ಬೆರಳಿನಿಂದ ಒತ್ತಿ ಕೂಡಿಸಿ, ಬೋಲ್ಟು ಮುನ್ನುಗ್ಗಿ ಬೆರಳು ಜಜ್ಜದಂತೆ ಚಕ್ಕನೆ ಕೈ ತೆಗೆದಳು. ಎಂಟನೆಯ ಗುಂಡು ಹಾರಿದೊಡನೆ ಖಾಲಿ ಹಿಡಿಕೆ ಠಣ್ಣೆಂದು ಮೇಲಕ್ಕೆ ಚಿಮ್ಮಿತು. "ಬೋಲ್ಟಿನ ಸಪ್ಪಳ ಕೇಳಿ ನನ್ನ ಬಲಗೈ ತಾನ ಮಡಚಿಗೊಂತು, ತಂಗಿ" ಎಂದು ಬಂದ ಮೇಲೆ ಹೇಳಿದ. ಮತ್ತೇನೂ ಹೇಳಲಿಲ್ಲ.

ಇಲ್ಲಿಂದ ಮುಂದಿನದು ನಾನು ವರ್ಗದಲ್ಲಿ ಹೇಳದೆ ಉಳಿಸಿಕೊಂಡ ಅರ್ಧ. 2024ರ ಲೋಕಸಭೆ ಚುನಾವಣೆಗೆ ಅಪ್ಪನ ಬಂದೂಕು ಎಂದಿನಂತೆ ಠಾಣೆಗೆ ಹೋಯಿತು. ಏಪ್ರಿಲಿನಲ್ಲಿ ಅಪ್ಪ ತೀರಿಕೊಂಡ. ಚುನಾವಣೆ ಮುಗಿದು ಉಳಿದವರ ಬಂದೂಕುಗಳು ಮನೆಗೆ ಬಂದವು. ನಮ್ಮದು ಬರಲಿಲ್ಲ, ಲೈಸೆನ್ಸು ಸತ್ತವನ ಹೆಸರಿನಲ್ಲಿತ್ತು. ವಾರಸುದಾರನೊಬ್ಬ ತನ್ನ ಹೆಸರಿಗೆ ಅರ್ಜಿ ಹಾಕಬೇಕು, ಉಳಿದವರು ತಕರಾರಿಲ್ಲವೆಂದು ಸಹಿ ಮಾಡಬೇಕು. ಆ ಆಗಸ್ಟಿನಲ್ಲಿ ನಾನು ಪಂಚಮಿಗೆಂದು ತವರಿಗೆ ಹೋದಾಗ ಅಣ್ಣ ಉಂಡಿಯ ತಾಟಿನ ಪಕ್ಕದಲ್ಲಿ ಕಾಗದವನ್ನಿಟ್ಟು, "ಸಹಿ ಮಾಡು ತಂಗಿ" ಎಂದ. ಅವ್ವ ಆಗಲೇ ಮಾಡಿದ್ದಳು.

ನನ್ನ ಪೆನ್ನು ಏಳಲಿಲ್ಲ. 2018ರಲ್ಲಿ ಬದುವಿನ ಜಗಳವಾಗಿ ಅಣ್ಣ ಬಾಜೂ ಹೊಲದವರಿಗೆ, "ಮನ್ಯಾಗ ಬಂದೂಕ ಐತಿ ಅನ್ನೂದು ನೆನಪಿರಲಿ" ಎಂದು ಕೂಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಸಿಟ್ಟು ಅರ್ಧ ತಾಸಿನದು. ಆದರೆ ಗುಂಡಿಗೆ ಅರ್ಧ ತಾಸು ಬೇಡ. ಅವತ್ತು ಬಂದೂಕು ಅಪ್ಪನ ಸುಪರ್ದಿಯಲ್ಲಿತ್ತು. ಈಗ ಅಪ್ಪ ಇಲ್ಲ, ಬದುವಿನ ತಕರಾರು ಹಾಗೆಯೇ ಇದೆ.

"ಅಣ್ಣಾ, ನಾ ಸಹಿ ಮಾಡೂದಿಲ್ಲ" ಎಂದು ಕಾರಣವನ್ನೂ ಹೇಳಿದೆ. ವೈನಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಸರಕಾರ ನಂಬಲಿಲ್ಲ, ಅಮೆರಿಕಾದವ್ರು ನಂಬಲಿಲ್ಲ. ನೀನೂ ನಂಬೂದಿಲ್ಲ" ಎಂದು ಎದ್ದು ಹೊಲಕ್ಕೆ ಹೋದ. ಪಂಚಮಿಯ ಜೋಕಾಲಿ ಆ ವರ್ಷ ಖಾಲಿ ತೂಗಿತು.

ಗದಗ ಬೆಟಗೇರಿಗೆ ಮರಳಿದ ಮೇಲೂ ನಿದ್ದೆಯಿಲ್ಲ. ವರ್ಷ ವರ್ಷವೂ ಹಲಗಲಿಯವರ ಪರವಾಗಿ ಗಂಟಲು ಹರಿದುಕೊಂಡವಳು ನಾನು. ಈಗ ನನ್ನ ಅಣ್ಣನ ಮನೆಯ ಬಾಗಿಲಿಗೇ ಹೋಗಿ ಹತಾರ ಕೇಳಿದವಳೂ ನಾನು. ಹಿಂದಿನ ಬೆಂಚಿನ ಹುಡುಗ ಪ್ರಶ್ನೆ ಕೇಳಿದ್ದು ಆ ವಾರದಲ್ಲೇ. ಲಾವಣಿಯನ್ನು ಎತ್ತಿ ಹೇಳುವಾಗ ನನ್ನ ದನಿ ಎರಡು ಕಡೆ ಸಿಕ್ಕಿಕೊಂಡಿತು. ಹುಡುಗರು ಅದನ್ನು ಭಾವಾವೇಶವೆಂದು ತಿಳಿದುಕೊಂಡರು.

ಅಕ್ಟೋಬರಿನಲ್ಲಿ ಖಂಡೇನವಮಿಗೆ ಬಾ ಎಂದು ಅವ್ವ ಫೋನು ಮಾಡಿದಳು. ಹೆದರಿಕೆಯಿಂದಲೇ ಹೋದೆ. ಪೂಜೆಯ ಸಾಲಿನಲ್ಲಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಕೀಲಿ. ಬಂದೂಕಿನ ಜಾಗದಲ್ಲಿ ಠಾಣೆಯ ಒಂದು ರಸೀದಿ. ಮನೆಯವರಾರಿಗೂ ಬೇಡವೆಂದು ಅಣ್ಣ ಬರೆದುಕೊಟ್ಟು ಬಂದಿದ್ದ. ನನಗೆ ಮಾತು ಹೊರಡಲಿಲ್ಲ. ಅವನೇ ಹೇಳಿದ:

"ಹಲಗಲಿಯವರ ಕಡಿಂದ ಕಸಗೊಂಡ್ರು, ತಂಗಿ. ನಾ ಕೊಟ್ಟೀನಿ."

ಸ್ವಲ್ಪ ಹೊತ್ತು ಬಿಟ್ಟು, "ಆದರ ನೀ ಅವತ್ತ ಅಂದದ್ದು ಹತ್ತೈತಿ ನೋಡು" ಎಂದೂ ಸೇರಿಸಿದ. ಹತ್ತಬೇಕೆಂದೇ ಅಂದದ್ದು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಬನ್ನಿ ಕೊಟ್ಟು ಕಾಲಿಗೆರಗಿದೆ. ತಲೆಯ ಮೇಲೆ ಕೈಯಿಟ್ಟ. ಆ ಕೈಯ ತೋರುಬೆರಳಿನ ಬುಡದಲ್ಲಿ ಇನ್ನೂ ದಡ್ಡು ಇದೆ.

ಪಡಸಾಲೆಯ ಗೋಡೆಯಲ್ಲಿ ಬಂದೂಕು ತೂಗುಹಾಕುತ್ತಿದ್ದ ಗೂಟ ಹಾಗೆಯೇ ಉಳಿದಿದೆ. ಅವ್ವ ಈಗ ಅದಕ್ಕೆ ಬೀಜದ ಜೋಳದ ತೆನೆಗಳನ್ನು ಕಟ್ಟಿದ್ದಾಳೆ.