ಎದೆಯ ಕಾನೂನು, ಎದೆಯ ಹಾಡು

ಐಲ್ ಆಫ್ ಮ್ಯಾನ್ ದ್ವೀಪದ ನ್ಯಾಯಾಧೀಶರು ಅಧಿಕಾರ ವಹಿಸಿಕೊಳ್ಳುವಾಗ ಮಾಡುವ ಪ್ರಮಾಣದಲ್ಲಿ ಒಂದು ಮೀನು ಬರುತ್ತದೆ. ಹೆರಿಂಗ್ ಮೀನಿನ ಬೆನ್ನುಮೂಳೆ ಅದರ ಮೈಯ ನಟ್ಟನಡುವೆ ಇರುವ ಹಾಗೆ, ವಾದಿ ಪ್ರತಿವಾದಿಗಳಲ್ಲಿ ಯಾರ ಕಡೆಗೂ ವಾಲದೆ ನ್ಯಾಯ ನಡೆಸುತ್ತೇನೆ ಎನ್ನುವುದು ಆ ಪ್ರಮಾಣದ ಸಾರ. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ದೂರದ ಬಂಧು. ಶತಮಾನಗಳ ಕಾಲ ಆ ದ್ವೀಪದ ಬಡವರ ಊಟ ಅದೇ. ನ್ಯಾಯ ಹೇಗಿರಬೇಕು ಎಂದು ಹೇಳಲು ತಕ್ಕಡಿಯನ್ನೋ ಕತ್ತಿಯನ್ನೋ ಹುಡುಕದೆ, ದಿನವೂ ತಟ್ಟೆಯಲ್ಲಿ ಬಿಡಿಸಿ ತಿನ್ನುವ ಮೀನನ್ನೇ ತೋರಿಸಿದ ಆ ಜನರ ಮೇಲೆ ನನಗೆ ಮೊದಲಿಂದಲೂ ಒಂದು ಪ್ರೀತಿ.

ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಈ ದ್ವೀಪದ ವಿಸ್ತೀರ್ಣ 572 ಚದರ ಕಿಲೋಮೀಟರ್. ಬೆಂಗಳೂರು ನಗರಕ್ಕಿಂತ ಚಿಕ್ಕದು. ಅಲ್ಲಿನ ನ್ಯಾಯಾಧೀಶರಿಗೆ ಡೀಮ್‌ಸ್ಟರ್ ಎಂದು ಹೆಸರು. ನಾನಿಲ್ಲಿ ಹೇಳಹೊರಟಿರುವುದು ಜೇಮ್ಸ್ ಫ್ರೆಡರಿಕ್ ಗಿಲ್ ಎಂಬ ಡೀಮ್‌ಸ್ಟರ್ ಬಗ್ಗೆ. ಹೊರಗಿನ ಲೋಕಕ್ಕೆ ಅವನ ಹೆಸರು ಅಷ್ಟಾಗಿ ಗೊತ್ತಿಲ್ಲ. ಕಾನೂನಿನ ಇತಿಹಾಸ ಓದುವವರಿಗೆ ಅವನು ಒಂದು ಗ್ರಂಥದ ಸಂಪಾದಕ, ಜಾನಪದ ಸಂಗೀತ ಓದುವವರಿಗೆ ಒಂದು ಸಂಗ್ರಹದ ಪಾಲುದಾರ. ಇಬ್ಬರೂ ಒಬ್ಬನೇ ಎಂದು ತಿಳಿದಾಗ ನನಗೆ ಕುತೂಹಲ ಹುಟ್ಟಿತು.

ಮೊದಲು ಕಾನೂನಿನ ವಿಷಯ. ಹಳೆಯ ಕಾಲದಲ್ಲಿ ಮ್ಯಾನ್ ದ್ವೀಪದ ಕಾನೂನು ಬಹುಮಟ್ಟಿಗೆ ಬರವಣಿಗೆಯಲ್ಲಿ ಇರಲಿಲ್ಲ. ಅದು ಡೀಮ್‌ಸ್ಟರುಗಳ ನೆನಪಿನಲ್ಲಿತ್ತು. ಜನ ಅದನ್ನು ಎದೆಯ ಕಾನೂನು ಎಂದೇ ಕರೆಯುತ್ತಿದ್ದರು. ವ್ಯಾಜ್ಯ ಎದ್ದಾಗ ಡೀಮ್‌ಸ್ಟರ್ ತನ್ನ ಎದೆಯೊಳಗಿನ ಕಾನೂನನ್ನು ಹೊರಗೆ ತೆಗೆದು ಹೇಳುತ್ತಿದ್ದ. ಇದರಲ್ಲಿ ಅನುಕೂಲವೂ ಇತ್ತು, ಅಪಾಯವೂ ಇತ್ತು. ಹೇಳುವವನು ಮರೆತರೆ? ಮರೆತಂತೆ ನಟಿಸಿದರೆ? ಹದಿನೇಳನೆಯ ಶತಮಾನದ ಜಾನ್ ಪಾರ್ ಎಂಬ ಡೀಮ್‌ಸ್ಟರ್ ಇಂಥ ಕಟ್ಟಳೆಗಳ ಒಂದು ಸಾರಸಂಗ್ರಹ ಮಾಡಿಟ್ಟಿದ್ದ. ಅದು ಅಚ್ಚಾಗಿದ್ದು 1867ರಲ್ಲಿ.

ಗಿಲ್ ಕೈಗೆತ್ತಿಕೊಂಡದ್ದು ಬರವಣಿಗೆಯಲ್ಲಿದ್ದ ಶಾಸನಗಳನ್ನು. ಮ್ಯಾನ್ ದ್ವೀಪದ ವಕೀಲರು ಅಡ್ವೊಕೇಟರು. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಮತ್ತು ಬ್ಯಾರಿಸ್ಟರ್ ಹಂಚಿಕೊಂಡು ಮಾಡುವ ಕೆಲಸವನ್ನು ಅಲ್ಲಿ ಒಬ್ಬನೇ ಮಾಡುತ್ತಾನೆ. ಹೀಗೆ ಎಲ್ಲಕ್ಕೂ ಒಬ್ಬನೇ ಆಗಬೇಕಾದ ನಾಡಿನಲ್ಲಿ, 1417ರಿಂದ 1824ರವರೆಗಿನ ನಾಲ್ಕು ಶತಮಾನಗಳ ಶಾಸನಗಳನ್ನು ಒಂದೆಡೆ ತಂದ ಸಂಪುಟವನ್ನು ಗಿಲ್ 1883ರಲ್ಲಿ ಸಂಪಾದಿಸಿದ. ಆ ಹೊತ್ತಿಗೆ ದ್ವೀಪದ ರಾಜಕೀಯವೂ ಹೊಸದಾಗುತ್ತಿತ್ತು. ತಮ್ಮವರನ್ನು ತಾವೇ ಆರಿಸಿಕೊಳ್ಳುತ್ತಿದ್ದ 24 ಜನರ ಸಭೆ 1866ರಲ್ಲಿ ಚುನಾಯಿತ ಸಭೆಯಾಗಿತ್ತು. 1881ರಲ್ಲಿ ಆಸ್ತಿಯುಳ್ಳ ಹೆಂಗಸರಿಗೆ ಆ ಸಭೆಯ ಚುನಾವಣೆಯಲ್ಲಿ ಮತ ಬಂದಿತ್ತು. ಮತ ಹಾಕುವ ಪ್ರಜೆ, ತನ್ನನ್ನು ಆಳುವ ಕಾನೂನು ಯಾವುದು ಎಂದು ಕೇಳಿದರೆ ತೋರಿಸಲು ಒಂದು ಪುಸ್ತಕ ಬೇಕಲ್ಲವೇ? ಗಿಲ್‌ನ ಸಂಪುಟ ಆ ಪ್ರಶ್ನೆಗೆ ಉತ್ತರ.

ಡೀಮ್‌ಸ್ಟರ್ ಆದ ಮೇಲೆ ಅವನ ಸ್ಥಾನ ಇನ್ನೂ ವಿಚಿತ್ರವಾಯಿತು. ಆ ಕಾಲದ ಡೀಮ್‌ಸ್ಟರ್ ತೀರ್ಪು ಕೊಡುವವನಷ್ಟೇ ಆಗಿರದೆ ಮೇಲ್ಮನೆಯ ಸದಸ್ಯನೂ ಆಗಿದ್ದ. ಕಾನೂನು ಮಾಡುವಾಗ ಕೂತವನೇ ಅದನ್ನು ಅನ್ವಯಿಸುವಾಗಲೂ ಕೂರುತ್ತಿದ್ದ. ನಮಗೆ ಇದು ಸರಿ ಕಾಣದು, ಅಲ್ಲಿಯವರೂ ಇಪ್ಪತ್ತನೆಯ ಶತಮಾನದಲ್ಲಿ ಈ ಪದ್ಧತಿಯನ್ನು ಬಿಟ್ಟರು. ಹಾಗೆ ಮಾಡಿದ ಕಾನೂನನ್ನು ಸೇಂಟ್ ಜಾನ್ಸ್ ಎಂಬ ಊರಿನ ಹುಲ್ಲುದಿಬ್ಬದ ಮೇಲೆ ಜನರಿಗೆ ಸಾರುವುದು ವಾಡಿಕೆ. ನಾಲ್ಕು ಮೆಟ್ಟಿಲಿನ ಆ ದಿಬ್ಬದಲ್ಲಿ ದ್ವೀಪದ 17 ಪ್ಯಾರಿಷ್‌ಗಳ ಮಣ್ಣೂ ಸೇರಿದೆ ಎಂದು ನಂಬಿಕೆ. ಈಗಲೂ ಜುಲೈ ತಿಂಗಳ ಟಿನ್‌ವಾಲ್ಡ್ ದಿನ ಹೊಸ ಕಾನೂನುಗಳ ಸಾರಾಂಶವನ್ನು ಅಲ್ಲಿ ಎರಡು ಭಾಷೆಗಳಲ್ಲಿ ಓದುತ್ತಾರೆ: ಇಂಗ್ಲಿಷ್ ಮತ್ತು ದ್ವೀಪದ ಸ್ವಂತ ಭಾಷೆಯಾದ ಮ್ಯಾಂಕ್ಸ್.

ಗಿಲ್‌ನ ಎರಡನೆಯ ಕೆಲಸ ಶುರುವಾಗುವುದು ಈ ಎರಡನೆಯ ಭಾಷೆಯ ದೆಸೆಯಿಂದ. ಅವನ ಕಾಲಕ್ಕೆ ಮ್ಯಾಂಕ್ಸ್ ಬೇಗಬೇಗನೆ ಮರೆಯಾಗುತ್ತಿತ್ತು. 1901ರ ಜನಗಣತಿಯ ವೇಳೆಗೆ ಅದನ್ನು ಆಡುವವರು ನೂರಕ್ಕೆ ಎಂಟು ಜನ ಮಾತ್ರ. ಬೇಸಿಗೆಯಲ್ಲಿ ಇಂಗ್ಲೆಂಡಿನ ಗಿರಣಿ ಊರುಗಳಿಂದ ಲಕ್ಷಗಟ್ಟಲೆ ಪ್ರವಾಸಿಗರು ಬಂದಿಳಿಯುತ್ತಿದ್ದರು. ಅವರಿಗೆ ಕೋಣೆ ಬಾಡಿಗೆ ಕೊಡಲು, ಊಟ ಬಡಿಸಲು ಇಂಗ್ಲಿಷ್ ಬೇಕಿತ್ತು. ಭಾಷೆಯ ಜೊತೆಗೆ ಹಾಡುಗಳೂ ಮುದುಕರ ಎದೆಯಲ್ಲಿ ಉಳಿದು, ಅವರೊಂದಿಗೆ ಮಣ್ಣಾಗುತ್ತಿದ್ದವು.

1890ರ ದಶಕದ ನಡುವಿನಲ್ಲಿ ಮೂವರು ಆ ಹಾಡುಗಳ ಹಿಂದೆ ಹೊರಟರು: ಡೀಮ್‌ಸ್ಟರ್ ಗಿಲ್, ಲಂಡನ್ನಿನ ಅಂಚೆ ಇಲಾಖೆಯಲ್ಲಿದ್ದ ಅವನ ಅಣ್ಣ ವಿಲಿಯಂ ಹೆನ್ರಿ ಗಿಲ್, ಮತ್ತು ಕ್ಯಾಸಲ್‌ಟೌನಿನ ವೈದ್ಯ ಜಾನ್ ಕ್ಲೇಗ್. ಹೆಚ್ಚು ಸಂಗ್ರಹಿಸಿದವನು ಕ್ಲೇಗ್. ರೋಗಿಗಳ ಮನೆಗಳಿಗೆ ಹೋಗುತ್ತಿದ್ದ ಅವನಿಗೆ ಮ್ಯಾಂಕ್ಸ್ ಬರುತ್ತಿತ್ತು. ಹಾಡಿಕೊಟ್ಟವರಲ್ಲಿ ಬ್ರಾಡಾ ಎಂಬ ಹಳ್ಳಿಯ ಕುರುಡ ಮೀನುಗಾರ ಟಾಮ್ ಕರ್ಮೋಡ್ ಒಬ್ಬ. ಕಾನೂನನ್ನು ಎದೆಯಲ್ಲಿ ಹೊತ್ತವರು ಡೀಮ್‌ಸ್ಟರುಗಳಾದರೆ, ಹಾಡನ್ನು ಹೊತ್ತವರು ಇಂಥವರು.

ಈ ಹಾಡುಗಳಲ್ಲೂ ಕಾನೂನಿದೆ. ಮೈಲೆಕರೇನ್ ಎಂಬ ಪ್ರಸಿದ್ಧ ಹಾಡನ್ನೇ ನೋಡಿ. ಜೌಗುನೆಲದ ಒಬ್ಬ ಜಿಪುಣ ಮುದುಕನಿಗೆ ಹೇಗೋ ಸಂಪತ್ತು ಸಿಕ್ಕಿದೆ. ಒಂದು ಕಾಲಿಗೆ ಬಿಳಿ, ಇನ್ನೊಂದಕ್ಕೆ ಕರಿ ಪಾದರಕ್ಷೆ ಹಾಕಿಕೊಂಡು ತಿರುಗುತ್ತಾನೆ. ಹಾಡು ಕೊನೆಗೆ ಅವನನ್ನು ಶಪಿಸುತ್ತದೆ: ದ್ವೀಪದಲ್ಲಿ ಹೆಣ್ಣಿಗೆ ಮೊಟ್ಟಮೊದಲು ವರದಕ್ಷಿಣೆ ಕೊಟ್ಟವನು ನೀನೇ ಎಂದು. ಯಾವ ಶಾಸನ ಸಂಪುಟದಲ್ಲೂ ಸಿಗದ ತೀರ್ಪು ಇದು. ಒಬ್ಬ ಉಳ್ಳವನು ಹಾಕಿದ ಪದ್ಧತಿ ಇಲ್ಲದವರ ಮನೆಯ ಹೆಣ್ಣುಮಕ್ಕಳ ಕೊರಳಿಗೆ ಹೇಗೆ ಉರುಳಾಗುತ್ತದೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮುಂದಿನದು ನನ್ನನ್ನು ಕಾಡುವ ಭಾಗ. 1896ರಲ್ಲಿ ಈ ಸಂಗ್ರಹದಿಂದ ಆಯ್ದ ಹಾಡುಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಧಾಟಿಗಳಿಗೆ ಪಿಯಾನೊ ಜೋಡಿಸಿದವನು ವಿಲಿಯಂ. ಮಾತುಗಳು ಇಂಗ್ಲಿಷಿನವು. ಮಧ್ಯಮವರ್ಗದ ಮನೆಯ ಹಜಾರದಲ್ಲಿ ಕೂತು ಹಾಡಲು ಅನುಕೂಲವಾದ ಪುಸ್ತಕ ಅದು. ಧಾಟಿ ಉಳಿಯಿತು, ಮಾತು ಜಾರಿತು. 1907ರಲ್ಲಿ ಅದೇ ವಿಲಿಯಂ ಮೈಲೆಕರೇನ್ ಧಾಟಿಯನ್ನು ಮಾರ್ಪಡಿಸಿ ದ್ವೀಪದ ಸ್ತುತಿಗೀತೆಯೊಂದನ್ನು ಬರೆದ. 2003ರಲ್ಲಿ ಅದು ಅಧಿಕೃತ ರಾಷ್ಟ್ರಗೀತೆಯಾಯಿತು. ವರದಕ್ಷಿಣೆಯ ಶಾಪ ಇದ್ದ ಜಾಗದಲ್ಲಿ ಈಗ ನಾಡಿನ ಹೊಗಳಿಕೆ ಇದೆ.

ಶಾಸನ ಸಂಪುಟದಲ್ಲಿ ಸಂಪಾದಕ ಹೀಗೆ ಮಾತು ಬದಲಿಸಿದ್ದರೆ ಯಾರೂ ಸಹಿಸುತ್ತಿರಲಿಲ್ಲ. ಒಂದು ಪದ ಆಚೀಚೆಯಾದರೆ ಒಬ್ಬನ ಹೊಲ ಇನ್ನೊಬ್ಬನದಾಗುತ್ತದೆ. ಹಾಡಿನ ಪದಕ್ಕೆ ಆ ಬೆಲೆ ಇರಲಿಲ್ಲ, ಏಕೆಂದರೆ ಅದನ್ನು ಕಳೆದುಕೊಂಡವರು ದಾವೆ ಹೂಡುವುದಿಲ್ಲ. ಒಂದೇ ಮನೆತನದಿಂದ ಬಂದ ಎರಡು ಸಂಗ್ರಹಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಕಾಣುವ ವ್ಯತ್ಯಾಸ ಇದು. ಮೀನಿನ ಮೂಳೆಯಂತೆ ನಡುವೆ ನಿಲ್ಲುತ್ತೇನೆ ಎಂಬ ಪ್ರಮಾಣ ಕೋರ್ಟಿನ ಹೊಸ್ತಿಲಿನವರೆಗೆ ಮಾತ್ರ ನಡೆಯುತ್ತಿತ್ತೇನೋ.

ಹಾಗೆಂದು ಅವರನ್ನು ಹಳಿಯಲಾರೆ. ಅಚ್ಚಾದ ಪುಸ್ತಕ ಹಾಡುಗಳ ಮೈ ತಿದ್ದಿದರೂ ಹಸ್ತಪ್ರತಿಗಳು ಹಾಗೇ ಉಳಿದವು. ಗಿಲ್ 1899ರಲ್ಲಿ ತೀರಿಕೊಂಡ, ಕ್ಲೇಗ್ 1908ರಲ್ಲಿ. 1920ರ ದಶಕದಲ್ಲಿ ಆ್ಯನ್ ಗಿಲ್‌ಕ್ರಿಸ್ಟ್ ಎಂಬ ವಿದ್ವಾಂಸೆ ಕ್ಲೇಗ್‌ನ ಸಂಗ್ರಹವನ್ನು ಟಿಪ್ಪಣಿಗಳ ಸಮೇತ ಪ್ರಕಟಿಸಿದಳು. ಮ್ಯಾಂಕ್ಸ್ ಭಾಷೆಯನ್ನು ತಾಯಿನುಡಿಯಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ ಎನ್ನಲಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡ. ಆದರೂ ಕಲಿತು ಆಡುವವರು ನಿಲ್ಲಲಿಲ್ಲ. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ಆರಂಭವಾಯಿತು. 2009ರಲ್ಲಿ ಯುನೆಸ್ಕೊ ಈ ಭಾಷೆ ಅಳಿದುಹೋಗಿದೆ ಎಂದು ಪಟ್ಟಿಯಲ್ಲಿ ಬರೆದಾಗ ಆ ಶಾಲೆಯ ಮಕ್ಕಳು ಕಾಗದ ಬರೆದು ಕೇಳಿದರು: ಹಾಗಾದರೆ ನಾವು ಈ ಕಾಗದ ಬರೆದಿರುವುದು ಯಾವ ಭಾಷೆಯಲ್ಲಿ? ಪಟ್ಟಿಯನ್ನು ತಿದ್ದಲಾಯಿತು. ಆ ಶಾಲೆ ಇರುವುದು ಸೇಂಟ್ ಜಾನ್ಸ್‌ನಲ್ಲಿ, ಕಾನೂನು ಸಾರುವ ಆ ಹುಲ್ಲುದಿಬ್ಬದ ಊರಿನಲ್ಲೇ.