ಕಲ್ಲಿದ್ದಲು ಬೆಸೆದ ನೆರೆಹೊರೆ

ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ನಾವು ಸಾಮಾನ್ಯವಾಗಿ ಮನೆ, ಬೀದಿ, ಹೆಚ್ಚೆಂದರೆ ಧರ್ಮಕೇಂದ್ರದ ಮಟ್ಟಿಗೆ ಅನ್ವಯಿಸಿಕೊಳ್ಳುತ್ತೇವೆ. ಎರಡು ದೇಶಗಳೇ ನೆರೆಯವರಾಗಿದ್ದು, ಎಪ್ಪತ್ತೈದು ವರ್ಷಗಳೊಳಗೆ ಮೂರು ಬಾರಿ ಪರಸ್ಪರ ರಕ್ತ ಹರಿಸಿದ್ದರೆ ಆ ಆಜ್ಞೆಗೆ ಏನು ಅರ್ಥ? ಫ್ರಾನ್ಸ್ ದೇಶದ ವಿದೇಶಾಂಗ ಸಚಿವರಾಗಿದ್ದ ರಾಬರ್ಟ್ ಶೂಮನ್‌ರವರು ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಪ್ರವಚನಗಳಲ್ಲಿ ಅಲ್ಲ. ಸುಂಕ, ಸಾಗಣೆದರ, ಗಣಿ, ಉಕ್ಕು ಎಂಬ ಶುಷ್ಕ ವಿಷಯಗಳಲ್ಲಿ.

ಮೊದಲು ಭೂಗೋಳವನ್ನು ಸ್ವಲ್ಪ ನೋಡೋಣ. ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ ಕಬ್ಬಿಣದ ಅದಿರು ಹೇರಳ. ಗಡಿಯಾಚೆ ಜರ್ಮನಿಯ ರೂರ್ ಕಣಿವೆಯಲ್ಲಿ ಕಲ್ಲಿದ್ದಲು ಹೇರಳ. ಉಕ್ಕು ತಯಾರಾಗಬೇಕಾದರೆ ಎರಡೂ ಬೇಕು. ಒಂದು ಮನೆಯಲ್ಲಿ ಅಕ್ಕಿ, ಪಕ್ಕದ ಮನೆಯಲ್ಲಿ ಸೌದೆ ಇದ್ದಂತೆ. ಕೊಟ್ಟು ತೆಗೆದುಕೊಂಡರೆ ಎರಡು ಮನೆಗಳಲ್ಲಿಯೂ ಒಲೆ ಉರಿಯುತ್ತದೆ. ಆದರೆ ಉಕ್ಕಿನಿಂದಲೇ ಫಿರಂಗಿಗಳೂ ಆಗುತ್ತವೆ. ಆದುದರಿಂದ ಗೆದ್ದವನು ಸೋತವನ ಪಾಲನ್ನು ಕಿತ್ತುಕೊಳ್ಳುವುದೇ 1870ರ ಯುದ್ಧದಿಂದೀಚೆಗೆ ರೂಢಿಯಾಯಿತು.

1919ರ ವರ್ಸೇಲ್ಸ್ ಒಪ್ಪಂದದಲ್ಲಿ ಫ್ರಾನ್ಸ್ ಮಾಡಿದ್ದೂ ಅದನ್ನೇ. ಸಾರ್ ಪ್ರಾಂತ್ಯದ ಗಣಿಗಳು ಅದರ ಕೈಸೇರಿದವು. ಯುದ್ಧ ಪರಿಹಾರವಾಗಿ ಜರ್ಮನಿ ಕಲ್ಲಿದ್ದಲನ್ನೂ ಮರಮುಟ್ಟನ್ನೂ ಒಪ್ಪಿಸಬೇಕಾಯಿತು. ಅದರಲ್ಲಿ ಕೊರತೆ ಬಿದ್ದಿತೆಂದು 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ರೂರ್ ಕಣಿವೆಗೆ ನುಗ್ಗಿದವು. ಕಾರ್ಮಿಕರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಆ ವರ್ಷದ ಮಾರ್ಚ್ 31, ಪಾಸ್ಖ ಹಬ್ಬದ ಹಿಂದಿನ ಪವಿತ್ರ ಶನಿವಾರ, ಎಸೆನ್ ನಗರದ ಕ್ರುಪ್ ಕಾರ್ಖಾನೆಯಲ್ಲಿ ಫ್ರೆಂಚ್ ಸೈನಿಕರ ಗುಂಡಿಗೆ 13 ಮಂದಿ ಕಾರ್ಮಿಕರು ಬಲಿಯಾದರು. ನವೆಂಬರಿನ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ತೆರಬೇಕಾದ ಸ್ಥಿತಿ ಜರ್ಮನಿಗೆ ಬಂತು. ಅದೇ ತಿಂಗಳು ಮ್ಯೂನಿಕ್‌ನಲ್ಲಿ ಹಿಟ್ಲರನು ತನ್ನ ಮೊದಲ ದಂಗೆಯನ್ನು ಎಬ್ಬಿಸಿದನು. ಅದು ವಿಫಲವಾಯಿತು ನಿಜ, ಆದರೆ ಅವಮಾನದ ನೆನಪು ಅವನಿಗೆ ಬಂಡವಾಳವಾಗಿ ಉಳಿಯಿತು.

ಶೂಮನ್‌ರವರು ಈ ಗಡಿನಾಡಿನ ಮನುಷ್ಯ. 1886ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಹುಟ್ಟಿದರು. ತಂದೆ ಲೊರೇನ್‌ನವರು, ಫ್ರೆಂಚರಾಗಿದ್ದ ಅವರು 1871ರಲ್ಲಿ ಊರು ಕೈಬದಲಾದಾಗ ಜರ್ಮನ್ ಪ್ರಜೆಯಾದರು. ಮಗ ಹುಟ್ಟುವಾಗ ಜರ್ಮನ್ ಪ್ರಜೆ. ಮೊದಲ ಮಹಾಯುದ್ಧದ ನಂತರ ಫ್ರೆಂಚ್ ಪ್ರಜೆ. ಮನೆ ಅಲ್ಲಿಯೇ, ಬದಲಾದದ್ದು ಧ್ವಜ. ಅವರು ಮೆಟ್ಸ್ ನಗರದಲ್ಲಿ ವಕೀಲರಾಗಿದ್ದರು, ಅವಿವಾಹಿತರು, ಪ್ರತಿದಿನ ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದವರು. 1940ರಲ್ಲಿ ಹಿಟ್ಲರನ ಗೆಸ್ಟಾಪೊ ಅವರನ್ನು ಬಂಧಿಸಿತು. 1942ರಲ್ಲಿ ತಪ್ಪಿಸಿಕೊಂಡು ಯುದ್ಧ ಮುಗಿಯುವವರೆಗೆ ಅಡಗಿ ಬಾಳಿದರು. ಜರ್ಮನಿಯನ್ನು ದ್ವೇಷಿಸಲು ಅವರಿಗೆ ಕಾರಣಗಳ ಕೊರತೆಯಿರಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯವೂ ಹಳೆಯ ನೀತಿಯೇ ಮರುಕಳಿಸುವಂತಿತ್ತು. ಸಾರ್ ಪ್ರಾಂತ್ಯವು ಮತ್ತೆ ಫ್ರಾನ್ಸಿನ ಹಿಡಿತಕ್ಕೆ ಬಂದಿತ್ತು. ರೂರಿನ ಕಲ್ಲಿದ್ದಲನ್ನು ಹಂಚಲು ಗೆದ್ದವರು 1949ರಲ್ಲಿ ಒಂದು ಪ್ರಾಧಿಕಾರವನ್ನೇ ರಚಿಸಿದ್ದರು. ಇಂತಹ ಸನ್ನಿವೇಶದಲ್ಲಿ, 1950ರ ಮೇ 9ರಂದು ಸಂಜೆ, ಪ್ಯಾರಿಸ್ಸಿನ ವಿದೇಶಾಂಗ ಕಚೇರಿಯಲ್ಲಿ ಶೂಮನ್ ಪತ್ರಕರ್ತರ ಮುಂದೆ ಒಂದು ಸಣ್ಣ ಹೇಳಿಕೆಯನ್ನು ಓದಿದರು. ಕರಡು ಸಿದ್ಧಪಡಿಸಿದವರು ಜ್ಯಾನ್ ಮೊನೆ ಮತ್ತು ಅವರ ಸಂಗಡಿಗರು. ಅದರ ಸಾರಾಂಶ ಇಷ್ಟೇ: ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕಿನ ಉತ್ಪಾದನೆಯೆಲ್ಲವೂ ಎರಡೂ ದೇಶಗಳಿಗೆ ಮೇಲಾದ ಒಂದೇ ಪ್ರಾಧಿಕಾರದ ಅಧೀನವಾಗಲಿ, ಇತರ ದೇಶಗಳೂ ಸೇರಬಹುದು. ಹಾಗಾದರೆ ಇಬ್ಬರ ನಡುವೆ ಯುದ್ಧವೆಂಬುದು ಯೋಚನೆಗೂ ಕೈಗೂ ನಿಲುಕದ ಮಾತಾಗುವುದು.

ಆ ಬೆಳಿಗ್ಗೆ ಈ ಪ್ರಸ್ತಾಪವನ್ನು ರಹಸ್ಯವಾಗಿ ಕಳುಹಿಸಿದಾಗ ಜರ್ಮನಿಯ ಚಾನ್ಸಲರ್ ಅಡೆನೌವರ್ ಅಂದೇ ಒಪ್ಪಿಗೆ ನೀಡಿದ್ದರು. ಏಕೆ? ಸೋತ ದೇಶವನ್ನು ಗೆದ್ದ ದೇಶ ಮೊದಲ ಬಾರಿಗೆ ಸಮಾನವಾಗಿ ಮೇಜಿಗೆ ಕರೆದಿತ್ತು. ಜರ್ಮನಿಯ ಗಣಿಗಳ ಮೇಲೆ ಹೇರಿದ ನಿಯಮವನ್ನು ಫ್ರಾನ್ಸ್ ತನ್ನ ಗಣಿಗಳ ಮೇಲೂ ಹೇರಿಕೊಳ್ಳಲು ಸಿದ್ಧವಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಜೀವಾಳ ಇದೇ ಹೊರತು ಸುಂಕದ ರದ್ದತಿಯಲ್ಲ.

1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್‌ಗಳು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟನ್ ದೂರ ಉಳಿಯಿತು. 1953ರಲ್ಲಿ ಸಮಾನ ಮಾರುಕಟ್ಟೆ ತೆರೆಯಿತು. ಅಲ್ಲಿಯವರೆಗೆ ಗಡಿ ದಾಟಿದ ರೈಲಿಗೆ, ಪ್ರಯಾಣ ಅಲ್ಲಿಂದಲೇ ಹೊಸದಾಗಿ ಶುರುವಾಯಿತೆಂಬಂತೆ ಬಾಡಿಗೆ ಲೆಕ್ಕ ಹಾಕಲಾಗುತ್ತಿತ್ತು. ಕಣ್ಣಿಗೆ ಕಾಣದ ಇಂತಹ ಗೋಡೆಗಳು ಒಂದೊಂದಾಗಿ ಕೆಳಗಿಳಿದವು. ತಂಟೆ ಬಂದರೆ ತೀರ್ಮಾನಿಸಲು ನ್ಯಾಯಾಲಯವಿತ್ತು. ಪೈಪೋಟಿ ತಡೆಯಲಾರದ ಬೆಲ್ಜಿಯಂನ ಹಳೆಯ ಗಣಿಗಳಿಗೆ, ಅಗ್ಗವಾಗಿ ಕಲ್ಲಿದ್ದಲು ತೆಗೆಯುತ್ತಿದ್ದ ಜರ್ಮನಿ ಮತ್ತು ನೆದರ್ಲೆಂಡ್ಸಿನ ಗಣಿಗಳಿಂದ ಕೆಲವು ವರ್ಷ ಸಹಾಯಧನ ಸಂದಿತು. ಸಾರ್ ಪ್ರಾಂತ್ಯದ ಜನರು 1955ರಲ್ಲಿ ಮತ ನೀಡಿ, 1957ರಲ್ಲಿ ಜರ್ಮನಿಗೆ ಮರಳಿದಾಗ ಒಂದು ಗುಂಡೂ ಹಾರಲಿಲ್ಲ.

ಶೂಮನ್, ಅಡೆನೌವರ್, ಇಟಲಿಯ ದೆ ಗಾಸ್ಪೆರಿ, ಈ ಮೂವರೂ ಕಥೋಲಿಕರು, ಗಡಿನಾಡಿನವರು ಅಥವಾ ಗಡಿಗೆ ಸಮೀಪದವರು, ಮೂವರೂ ಜರ್ಮನ್ ಮಾತನಾಡಬಲ್ಲವರು. ಇದು ರೋಮಿನ ಸಂಚೆಂದು ಆಗ ಹಲವರು ಮೂದಲಿಸಿದ್ದರು. ಪ್ರೊಟೆಸ್ಟಂಟರೂ ಧರ್ಮದ ಗೊಡವೆಯಿಲ್ಲದವರೂ ಇದಕ್ಕೆ ಅಷ್ಟೇ ದುಡಿದರು ಎಂಬುದನ್ನು ನಾವು ಮರೆಯಬಾರದು. 2021ರ ಜೂನ್ 19ರಂದು ಜಗದ್ಗುರು ಫ್ರಾನ್ಸಿಸ್‌ರವರು ಶೂಮನ್‌ರ ಸದ್ಗುಣಗಳನ್ನು ಅಂಗೀಕರಿಸಿ ಅವರನ್ನು 'ಪೂಜ್ಯ'ರೆಂದು ಕರೆಯಲು ಅನುಮತಿ ನೀಡಿದರು.

ನಮ್ಮ ದಕ್ಷಿಣ ಏಷ್ಯಾದಲ್ಲಿಯೂ 2006ರ ಜನವರಿ 1ರಿಂದ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಆದರೆ ಪ್ರತಿಯೊಂದು ದೇಶವೂ ರಿಯಾಯಿತಿ ಇಲ್ಲದ ವಸ್ತುಗಳ ಉದ್ದನೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಬಂದಿತ್ತು. ಎಲ್ಲರಿಗೂ ಮೇಲಾದ ಪ್ರಾಧಿಕಾರಕ್ಕೆ ತಲೆಬಾಗಲು ಯಾರೂ ಸಿದ್ಧರಿರಲಿಲ್ಲ. 2019ರಲ್ಲಿ ಪುಲ್ವಾಮ ದಾಳಿಯ ಬಳಿಕ ಭಾರತ ಪಾಕಿಸ್ತಾನಗಳ ನಡುವಿನ ವ್ಯಾಪಾರ ಬಹುಮಟ್ಟಿಗೆ ನಿಂತುಹೋಯಿತು. ದಾಳಿಯ ನೋವು ಸಣ್ಣದಲ್ಲ. ಆದರೆ ಬಾಗಿಲು ಮುಚ್ಚಿದಾಗ ಮೊದಲು ಕೂಲಿ ಕಳೆದುಕೊಂಡವರು ಅಟ್ಟಾರಿ ಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲರು.

ಬಾಗಿಲು ತೆರೆದಿದ್ದಾಗಲೂ ಕೂಲಿಯವನ ಗತಿ ಸುಲಭವಾಗಿರಲಿಲ್ಲ ಎಂಬುದನ್ನು ಯುರೋಪಿನ ಕಥೆಯೇ ಹೇಳುತ್ತದೆ. 1946ರಲ್ಲಿ ಇಟಲಿ ಮತ್ತು ಬೆಲ್ಜಿಯಂ ಒಂದು ಕರಾರು ಮಾಡಿಕೊಂಡಿದ್ದವು. ಇಟಲಿ ತನ್ನ ನಿರುದ್ಯೋಗಿಗಳನ್ನು ಬೆಲ್ಜಿಯಂನ ಗಣಿಗಳಿಗೆ ಕಳುಹಿಸುವುದು. ಪ್ರತಿಯಾಗಿ ಬೆಲ್ಜಿಯಂ ಕಲ್ಲಿದ್ದಲು ಮಾರುವುದು. ಯುದ್ಧಕೈದಿಗಳನ್ನು ಇರಿಸಿದ್ದ ಶೆಡ್ಡುಗಳಲ್ಲಿ ಆ ಯುವಕರನ್ನು ಇಳಿಸಲಾಯಿತು. 1956ರ ಆಗಸ್ಟ್ 8ರ ಬೆಳಿಗ್ಗೆ ಮಾರ್ಸಿನೆಲ್ ಎಂಬಲ್ಲಿನ ಗಣಿಯಲ್ಲಿ ಬೆಂಕಿ ಹತ್ತಿಕೊಂಡಿತು. ಸತ್ತವರು 262 ಮಂದಿ. ಅವರಲ್ಲಿ 136 ಇಟಾಲಿಯನ್ನರು, 95 ಬೆಲ್ಜಿಯನ್ನರು. ಹೆಂಗಸರು, ಮಕ್ಕಳು ಗಣಿಯ ಕಬ್ಬಿಣದ ಗೇಟಿಗೆ ಕೈಯೂರಿ ಎರಡು ವಾರ ಕಾದರು. ಕೊನೆಗೆ ಕೆಳಗಿಳಿದು ಬಂದ ರಕ್ಷಕನು ಇಟಾಲಿಯನ್ ಭಾಷೆಯಲ್ಲಿ ಹೇಳಿದ್ದು ಎರಡೇ ಪದ: ಎಲ್ಲರೂ ಶವಗಳು. ಆ ಬಳಿಕವೇ ಆರು ದೇಶಗಳು ಸೇರಿ ಗಣಿ ಸುರಕ್ಷತೆಗೆಂದು ಒಂದು ಆಯೋಗವನ್ನು ನೇಮಿಸಿದ್ದು.

ಪ್ಯಾರಿಸ್ ಒಪ್ಪಂದದ ಐವತ್ತು ವರ್ಷಗಳ ಅವಧಿ 2002ರ ಜುಲೈ 23ರಂದು ಮುಗಿಯಿತು. ರೂರಿನ ಕೊನೆಯ ಕಲ್ಲಿದ್ದಲು ಗಣಿ 2018ರಲ್ಲಿ ಮುಚ್ಚಿತು. ಮಾರ್ಸಿನೆಲ್‌ನ ಗಣಿ ಈಗ ಸ್ಮಾರಕ. ಪ್ರತಿವರ್ಷ ಆಗಸ್ಟ್ 8ರಂದು ಅಲ್ಲಿ ಸತ್ತವರಿಗಾಗಿ ಗಂಟೆ ಬಾರಿಸುತ್ತಾರೆ.