ಇನ್ನೊಬ್ಬ ಅಬೂಸುಫ್ಯಾನ್

ಕಳೆದ ತಿಂಗಳು ಕೊಳ್ಳೇಗಾಲದಲ್ಲಿ ಜುಮಾ ಮುಗಿಸಿ ಹೊರಗೆ ಬರುವಾಗ ಹಿರಿಯರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ಅಂದಿನ ಖುತ್ಬಾ ಹುನೈನ್ ಯುದ್ಧದ ಕುರಿತಾಗಿತ್ತು. "ಬೇಟಾ, ಪ್ರವಾದಿಯವರ(ಸ) ಹೇಸರಗತ್ತೆಯ ಪಕ್ಕ ಅಬೂಸುಫ್ಯಾನ್ ನಿಂತಿದ್ದರು ಅಂದರಲ್ಲ, ಉಹುದ್‌ನಲ್ಲಿ ಎದುರು ನಿಂತವರು ಇಷ್ಟು ಬೇಗ ಹಾಗೆ ಆಗಿಬಿಟ್ಟರಾ?" ಎಂದು ಕೇಳಿದರು.

ಈ ಗೊಂದಲ ಬಹಳ ಜನರಿಗೆ ಇದೆ. ಉಹುದ್‌ನಲ್ಲಿ ಖುರೈಷರ ಸೇನೆ ನಡೆಸಿದವರು ಹರ್ಬ್‌ರ ಮಗ ಅಬೂಸುಫ್ಯಾನ್. ಹುನೈನ್‌ನಲ್ಲಿ ಹೇಸರಗತ್ತೆಯ ಪಕ್ಕ ನಿಂತವರು ಹಾರಿಸ್‌ರ ಮಗ ಅಬೂಸುಫ್ಯಾನ್. ಮೊದಲನೆಯವರು ಊರಿನ ಸರದಾರ. ಎರಡನೆಯವರು ಬಾಲ್ಯದ ಗೆಳೆಯ. ಸರದಾರರ ಕಥೆ ಎಲ್ಲರಿಗೂ ಗೊತ್ತು, ಗೆಳೆಯನದು ಅಷ್ಟಾಗಿ ಗೊತ್ತಿಲ್ಲ.

ಅಬ್ದುಲ್ ಮುತ್ತಲಿಬರ ಹಿರಿಯ ಮಗ ಹಾರಿಸ್. ಅವರ ಮಗನಾದ್ದರಿಂದ ಇವರು ಪ್ರವಾದಿಯವರಿಗೆ(ಸ) ದೊಡ್ಡಪ್ಪನ ಮಗ. ವಯಸ್ಸೂ ಹೆಚ್ಚುಕಡಿಮೆ ಒಂದೇ. ಬನೂ ಸಅದ್ ಕುಲದ ಹಲೀಮಾ(ರ) ಇವರಿಗೂ ಕೆಲವು ದಿನ ಹಾಲುಣಿಸಿದ್ದರು, ಅಂದರೆ ನಮ್ಮ ಮನೆಗಳಲ್ಲಿ ಹೇಳುವ ಹಾಗೆ ದೂಧ್ ಭಾಯಿ. ಮುಖಚಹರೆಯಲ್ಲಿ ಪ್ರವಾದಿಯವರನ್ನು(ಸ) ಹೋಲುತ್ತಿದ್ದ ಕೆಲವರ ಪಟ್ಟಿಯಲ್ಲಿ ಇತಿಹಾಸಕಾರರು ಇವರ ಹೆಸರನ್ನೂ ಸೇರಿಸುತ್ತಾರೆ. ಪ್ರವಾದಿತ್ವಕ್ಕೆ ಮೊದಲು ಇಬ್ಬರೂ ಬಿಟ್ಟಿರಲಾರದ ಗೆಳೆಯರಾಗಿದ್ದರು.

ನಲವತ್ತನೇ ವಯಸ್ಸಿನಲ್ಲಿ ಪ್ರವಾದಿಯವರಿಗೆ(ಸ) ವಹ್ಯ್ ಬಂತು. ಆಗ ಮೊದಲು ಓಡಿ ಬರಬೇಕಾಗಿದ್ದ ಗೆಳೆಯ ತಿರುಗಿ ನಿಂತರು. ಸುಮ್ಮನೆ ದೂರ ಸರಿಯಲಿಲ್ಲ, ಸುಮಾರು ಇಪ್ಪತ್ತು ವರ್ಷ ಹಗೆ ಸಾಧಿಸಿದರು. ಅವರು ಕವಿ. ಆ ಕಾಲದ ಅರಬರಲ್ಲಿ ನಿಂದೆಯ ಕವಿತೆ ಒಂಟೆಗಳ ಜೊತೆ ಊರೂರು ತಿರುಗುತ್ತಿತ್ತು. ಈಗ ವಾಟ್ಸಾಪ್‌ನಲ್ಲಿ ಹಾಕಿದ ಮಾತು ರಾತ್ರಿ ಕಳೆಯುವಷ್ಟರಲ್ಲಿ ಯಳಂದೂರು, ಹನೂರು ಮುಟ್ಟುವುದಿಲ್ಲವೇ, ಹಾಗೆ. ಅಪರಿಚಿತ ಬೈದರೆ ಒರೆಸಿಕೊಂಡು ಹೋಗಬಹುದು. ಜೊತೆಯಲ್ಲಿ ಉಂಡು ಬೆಳೆದವನು ಬೈದರೆ ಕೇಳುವವರು ನಂಬುತ್ತಾರೆ.

ಮದೀನಾದಲ್ಲಿ ಕವಿ ಹಸ್ಸಾನ್ ಬಿನ್ ಸಾಬಿತ್(ರ) ಇದಕ್ಕೆ ಉತ್ತರ ಕೊಡಲು ಅನುಮತಿ ಕೇಳಿದರು. ಅವನೊಂದಿಗೆ ನನಗಿರುವ ರಕ್ತಸಂಬಂಧದ ಗತಿಯೇನು ಎಂಬುದು ಪ್ರವಾದಿಯವರ(ಸ) ಪ್ರಶ್ನೆಯಾಗಿತ್ತು. ಕಲಸಿದ ಹಿಟ್ಟಿನಿಂದ ಕೂದಲೆಳೆ ತೆಗೆಯುವಂತೆ ನಿಮ್ಮನ್ನು ಬೇರ್ಪಡಿಸಿಯೇ ಹೇಳುತ್ತೇನೆ ಎಂದು ಹಸ್ಸಾನ್(ರ) ಭರವಸೆ ಕೊಟ್ಟರು. ಅಷ್ಟೆಲ್ಲ ನಿಂದೆಯ ನಡುವೆಯೂ ಪ್ರವಾದಿಯವರು(ಸ) ಆ ಸಂಬಂಧವನ್ನು ಮರೆತಿರಲಿಲ್ಲ.

ಹಿಜರಿ 8ರ ರಮಝಾನ್, ಅಂದರೆ ಕ್ರಿ.ಶ. 630ರ ಆರಂಭ. ಹತ್ತು ಸಾವಿರ ಮಂದಿಯ ಸೇನೆ ಮಕ್ಕಾದ ಕಡೆ ಹೊರಟಿತ್ತು. ಹಾರಿಸ್‌ರ ಮಗ ತನ್ನ ಮಗ ಜಅಫರನನ್ನು ಕರೆದುಕೊಂಡು ಎದುರು ಬಂದರು. ಇತಿಹಾಸಕಾರ ವಾಕಿದಿ ಹೇಳುವ ಪ್ರಕಾರ ಭೇಟಿಯಾದದ್ದು ಅಬ್ವಾದಲ್ಲಿ. ಪ್ರವಾದಿಯವರ(ಸ) ತಾಯಿ ಆಮಿನಾ ತೀರಿಕೊಂಡು ದಫನ್ ಆದ ಸ್ಥಳ ಅದು. ಗೆಳೆಯ ಎದುರು ನಿಂತಾಗ ಪ್ರವಾದಿಯವರು(ಸ) ಮುಖ ತಿರುಗಿಸಿದರು. ಅವರು ಇನ್ನೊಂದು ಬದಿಗೆ ಬಂದರೆ, ಮತ್ತೆ ತಿರುಗಿಸಿದರು.

ಮುಂದೆ ಏನಾಯಿತು ಎಂಬುದರಲ್ಲಿ ಎರಡು ವರದಿಗಳಿವೆ. ಇಬ್ನ್ ಇಸ್‌ಹಾಕ್ ಬರೆದಂತೆ ಉಮ್ಮು ಸಲಮಾ(ರ) ಅವರ ಪರವಾಗಿ ಮಾತಾಡಿದರು. ಅನುಮತಿ ಸಿಗದಿದ್ದರೆ ಈ ಹುಡುಗನ ಕೈ ಹಿಡಿದು ಹಸಿವು ಬಾಯಾರಿಕೆಯಿಂದ ಸಾಯುವವರೆಗೆ ಮರುಭೂಮಿಯಲ್ಲಿ ಅಲೆಯುತ್ತೇನೆ ಎಂದು ಅಬೂಸುಫ್ಯಾನ್ ಹೇಳಿಕಳಿಸಿದರು. ಅದನ್ನು ಕೇಳಿ ಪ್ರವಾದಿಯವರ(ಸ) ಮನಸ್ಸು ಕರಗಿತು, ಒಳಗೆ ಕರೆಸಿಕೊಂಡರು. ಯೂಸುಫರ(ಅ) ಸಹೋದರರು ಆಡಿದ ಮಾತನ್ನೇ ಎದುರು ನಿಂತು ಆಡು ಎಂದು ಅಲಿ(ರ) ಹೇಳಿಕೊಟ್ಟರು, ಪ್ರವಾದಿಯವರು(ಸ) ಯೂಸುಫರ(ಅ) ಉತ್ತರವನ್ನೇ ಕೊಟ್ಟರು ಎಂಬ ಮಾತೂ ಇದೆ.

ವಾಕಿದಿಯ ವರದಿ ಅಷ್ಟು ಸಲೀಸಾಗಿಲ್ಲ. ಅದರಲ್ಲಿ ಗೆಳೆಯ ಇಸ್ಲಾಮ್ ಸ್ವೀಕರಿಸಿಯೂ ಹೊರಗೇ ಉಳಿಯುತ್ತಾರೆ. ಸೇನೆ ಎಲ್ಲಿ ಬಿಡಾರ ಹೂಡಿದರೂ ಅವರು ಪ್ರವಾದಿಯವರ(ಸ) ಬಾಗಿಲಲ್ಲಿ ಇರುತ್ತಾರೆ, ಮಗ ಪಕ್ಕದಲ್ಲಿ ನಿಂತಿರುತ್ತಾನೆ. ಪ್ರವಾದಿಯವರು(ಸ) ನೋಡಿದಾಗಲೆಲ್ಲ ಮುಖ ತಿರುಗಿಸುತ್ತಾರೆ. ನನಗೆ ಹೆಚ್ಚು ನಿಜವೆನಿಸುವುದು ಈ ವರದಿ. ಅದೇ ಪ್ರಯಾಣದಲ್ಲಿ, ಮಕ್ಕಾ ಹತ್ತಿರದ ಮರ್‌ರುಝ್ಝಹ್ರಾನ್‌ನಲ್ಲಿ, ಇನ್ನೊಬ್ಬ ಅಬೂಸುಫ್ಯಾನ್, ಅಂದರೆ ಸರದಾರ, ರಾತ್ರಿ ಬಂದರು, ಬೆಳಿಗ್ಗೆ ಕ್ಷಮೆ ಸಿಕ್ಕಿತು. ಅವರ ಮನೆ ಹೊಕ್ಕವರಿಗೆ ಅಭಯವೆಂದು ಸಾರಲಾಯಿತು. ಸೇನೆ ಕಟ್ಟಿಕೊಂಡು ಬಂದವನಿಗೆ ಒಂದು ರಾತ್ರಿ ಸಾಕಾಯಿತು, ಒಂದೇ ಎದೆಯ ಹಾಲು ಕುಡಿದವನು ಮಾತ್ರ ಬಾಗಿಲಲ್ಲೇ ಕಾದ.

ಹಿರಿಯರಿಗೆ ನಾನು ಇಷ್ಟು ಹೇಳುವಾಗ ಅವರು ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲ ಮೇಲೆ ಕುಳಿತೇಬಿಟ್ಟಿದ್ದರು. ಅವರಿಗೂ ಹನೂರಿನಲ್ಲಿ ಒಬ್ಬರಿದ್ದಾರಂತೆ. ಒಂದೇ ಮದ್ರಸದಲ್ಲಿ ಕಾಯಿದಾ ಓದಿದವರು, ಮುಂದೆ ಜೊತೆಯಾಗಿ ರೇಷ್ಮೆಗೂಡಿನ ವ್ಯಾಪಾರ ಮಾಡಿದವರು. ಲೆಕ್ಕದಲ್ಲಿ ಮಾತು ಬೆಳೆದು ಹನ್ನೊಂದು ವರ್ಷವಾಯಿತು. ಮೊನ್ನೆ ಯಳಂದೂರಿನ ಮದುವೆಯಲ್ಲಿ ಎದುರೆದುರು ಸಿಕ್ಕರೂ ಸಲಾಮ್ ಇಲ್ಲ. "ಅವನು ಒಂದು ಸಲ ಬಂದಿದ್ದ. ನಾನೇ ಮುಖ ತಿರುಗಿಸಿದೆ" ಎಂದರು. ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಹಲಾಲ್ ಅಲ್ಲ ಎಂಬ ಹದೀಸ್ ಅವರಿಗೆ ಗೊತ್ತಿಲ್ಲದ್ದಲ್ಲ. ನಾನೂ ಅದನ್ನು ನೆನಪಿಸಲು ಹೋಗಲಿಲ್ಲ. "ಆಮೇಲೆ ಏನಾಯಿತು ಹೇಳು" ಎಂದರು.

ಆಮೇಲೆ ಹುನೈನ್. ಮಕ್ಕಾ ವಿಜಯದ ಮರು ತಿಂಗಳು, ಶವ್ವಾಲ್. ಈಗ ಸೇನೆ ಹನ್ನೆರಡು ಸಾವಿರ, ಎದುರು ಹವಾಝಿನ್ ಬುಡಕಟ್ಟುಗಳು. ಹಲೀಮಾರ(ರ) ಬನೂ ಸಅದ್ ಕುಲವೂ ಆ ಬುಡಕಟ್ಟುಗಳಲ್ಲೊಂದು. ತಾವು ಯಾವ ಕುಲದ ಹಾಲು ಕುಡಿದಿದ್ದರೋ ಆ ಕುಲವೇ ಈಗ ಇಬ್ಬರಿಗೂ ಎದುರಾಗಿತ್ತು. ನಸುಕಿನಲ್ಲಿ ಕಣಿವೆಗಿಳಿಯುತ್ತಿದ್ದಂತೆ ಬಾಣಗಳ ಮಳೆ ಸುರಿದು ಸೇನೆ ಚದುರಿ ಓಡಿತು. ಬಿಳಿ ಹೇಸರಗತ್ತೆಯ ಮೇಲಿದ್ದ ಪ್ರವಾದಿಯವರು(ಸ) ಹಿಂದೆ ಸರಿಯಲಿಲ್ಲ. ಸುತ್ತ ಉಳಿದವರು ಕೆಲವೇ ಮಂದಿ. ಅಬ್ಬಾಸ್(ರ) ಲಗಾಮು ಹಿಡಿದಿದ್ದರು, ಹಾರಿಸ್‌ರ ಮಗ ಅಬೂಸುಫ್ಯಾನ್(ರ) ರಿಕಾಬು ಹಿಡಿದಿದ್ದರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಆ ಗದ್ದಲದಲ್ಲಿ ಪ್ರವಾದಿಯವರು(ಸ) ತಿರುಗಿ, ಇದು ಯಾರು ಎಂದು ಕೇಳಿದರು. ನಿಮ್ಮ ತಾಯಿಯ ಮಗ ಎಂದು ಅಬೂಸುಫ್ಯಾನ್(ರ) ಉತ್ತರಿಸಿದ್ದಾಗಿ ಇಬ್ನ್ ಇಸ್‌ಹಾಕ್ ಬರೆಯುತ್ತಾರೆ. ವಾಕಿದಿಯ ವರದಿಯಲ್ಲಿ ಉತ್ತರ ಕೊಟ್ಟವರು ಅಬ್ಬಾಸ್(ರ): ಇವನು ನಿಮ್ಮ ಸಹೋದರ, ಇನ್ನಾದರೂ ಇವನ ಮೇಲಿನ ಮುನಿಸು ಬಿಡಿ ಎಂದು. ಬಿಟ್ಟೆ ಎಂದರು ಪ್ರವಾದಿಯವರು(ಸ).

ಮುನಿಸು ಹೋದ ಮೇಲೂ ನಾಚಿಕೆ ಹೋಗಲಿಲ್ಲ. ಪ್ರವಾದಿಯವರ(ಸ) ಎದುರು ಅಬೂಸುಫ್ಯಾನ್(ರ) ತಲೆಯೆತ್ತಿ ನೋಡುತ್ತಿರಲಿಲ್ಲ ಎನ್ನುತ್ತಾರೆ. ಪ್ರವಾದಿಯವರ(ಸ) ಮರಣದ ನಂತರ ಅದೇ ಕವಿ ಶೋಕಗೀತೆ ಬರೆದರು. ಉಮರ್(ರ) ಖಲೀಫರಾಗಿದ್ದಾಗ ಹಜ್ಜ್‌ನಲ್ಲಿ ತಲೆ ಬೋಳಿಸುವ ವೇಳೆ ಕ್ಷೌರಿಕನ ಕತ್ತಿ ತಲೆಯ ಮೇಲಿದ್ದ ಗಂಟಿಗೆ ತಗುಲಿತು, ಆ ಗಾಯ ವಾಸಿಯಾಗಲಿಲ್ಲ. ತೀರಿಕೊಳ್ಳುವ ಕೆಲವು ದಿನ ಮೊದಲು ತನ್ನ ಕಬರನ್ನು ತಾನೇ ತೋಡಿಕೊಂಡಿದ್ದರು. ಅಳಬೇಡಿ ಎಂದು ಮನೆಯವರಿಗೆ ಹೇಳಿದರು. ಜನಾಝಾ ನಮಾಝ್‌ಗೆ ಉಮರ್(ರ) ನೇತೃತ್ವ ವಹಿಸಿದರು.

ಹಿರಿಯರು ಎದ್ದು ಚಪ್ಪಲಿ ಹುಡುಕತೊಡಗಿದರು. ಹನೂರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಪಕ್ಕದ ಅಂಗಡಿಯ ಹುಡುಗ ಹೇಳಿದ.